ಮೂರನೆಯ ಪದರ

ಪರದೆಯ ಮೇಲೆ ರಾಜಶ್ರೀ ಮೇಡಂ ಅವರ ಬೆರಳುಗಳು ಎಲ್ಲೂ ತಡವರಿಸದೆ ಆಡಿದ್ದೇ ತಡ, ಚನ್ನು ಎದ್ದು ಕುಣಿದೇಬಿಟ್ಟ. ಕುರ್ಚಿ ಹಿಂದಕ್ಕೆ ಬಿತ್ತು. ಅದನ್ನು ಎತ್ತುವಷ್ಟು ವ್ಯವಧಾನ ಅವನಿಗೆಲ್ಲಿ! "ಬಂತ್ರೀ ಮೇಡಂ! ಮೂರೂ ಪದರ ಬಂದಾವ!" ಎಂದು ಕೂಗಿದ. ಮೇಡಂಗೆ ಕಿವಿ ಕೇಳುವುದಿಲ್ಲ ಎಂಬುದು ಆಮೇಲೆ ನೆನಪಾಗಿ ಮೂರು ಬೆರಳೆತ್ತಿ ತೋರಿಸಿದ.

ಲಿಂಗಸುಗೂರಿನ ಆ ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಅವತ್ತು ಪರೀಕ್ಷೆ ಇದ್ದದ್ದು ತಂತ್ರಜ್ಞ ಚನ್ನುವಿನ ವಿಡಿಯೊ ಪೆಟ್ಟಿಗೆಗೆ. ಮೇಡಂ ಇಲ್ಲಿ ಹಸಿರು ಬಟ್ಟೆಯ ಮುಂದೆ ನಿಂತು ಕೈಭಾಷೆಯಲ್ಲಿ ಪಾಠ ಮಾಡಬೇಕು; ಮಸ್ಕಿ, ಸಿಂಧನೂರಿನ ಮಕ್ಕಳು ಅಲ್ಲಿ ಪರದೆಯಲ್ಲಿ ನೋಡಬೇಕು. ಕೆಳಗಿನ ಪದರದಲ್ಲಿ ಪಾಠದ ವಿಡಿಯೊ, ಅದರ ಮೇಲೆ ಅಕ್ಷರ, ಎಲ್ಲಕ್ಕಿಂತ ಮೇಲೆ ಮೇಡಂ. ಅಗ್ಗದ ಆ ಪೆಟ್ಟಿಗೆಯ ಮಿದುಳಾದ ಚಿಪ್ಪಿಗೆ ಮೂರು ಪದರಗಳನ್ನು ಬೇರೆಬೇರೆಯಾಗಿ ಹಿಡಿಯುವ ಶಕ್ತಿ ಮೊದಲಿನಿಂದಲೂ ಇತ್ತು. ಆದರೆ ಚಿಪ್ಪನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶಕ್ಕೆ ಒಂದೇ ಪದರ ಗೊತ್ತಿತ್ತು. ವಿಡಿಯೊ, ಅಕ್ಷರ, ಮೇಡಂ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಮತ್ತೆ ಮತ್ತೆ ಬರೆದು ಪೆಟ್ಟಿಗೆ ಏದುಸಿರು ಬಿಡುತ್ತಿತ್ತು, ಮೇಡಂ ಅವರ ಕೈ ತೊದಲುತ್ತಿತ್ತು. ಕಣ್ಣಿನಿಂದಲೇ ಕೇಳುವ ಮಕ್ಕಳಿಗೆ ಅರ್ಧ ಮಾತು ಮುಟ್ಟುತ್ತಿರಲಿಲ್ಲ. ನಾಲ್ಕು ತಿಂಗಳು ಪಟ್ಟು ಹಿಡಿದು ಕೂತು ಚನ್ನು ಆ ಡ್ರೈವರಿಗೆ ಉಳಿದೆರಡು ಪದರಗಳನ್ನು ಕಲಿಸಿದ್ದ.

"ಇದ ಕಡೀ ಸಲ ನೋಡಪಾ," ಎಂದಿದ್ದರು ಸಂಸ್ಥೆಯ ಅಧ್ಯಕ್ಷ ಅಮರಗುಂಡಪ್ಪ. "ಇವತ್ತ ಓಡಲಿಲ್ಲಂದ್ರ ಆ ಎರಡೂ ಊರಿನ ಕ್ಲಾಸ್ ಬಂದ್." ಆ ಎರಡೂ ಊರಿನ ಮಕ್ಕಳಿಗೆ ಕೈಭಾಷೆ ಕಲಿಸಲು ಬೇರೆ ಯಾರೂ ಸಿಕ್ಕಿರಲಿಲ್ಲ. ಕ್ಲಾಸ್ ನಿಂತರೆ ಅವು ಮತ್ತೆ ಮನೆಯ ಮೂಲೆ ಸೇರುವ ಮಕ್ಕಳು.

ಮೇಡಂ ತೋಳು ಮುಚ್ಚುವಂತೆ ಹೊದ್ದಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಾಠ ಶುರು ಮಾಡಿದರು. ಪರದೆಯಲ್ಲಿ ಕಾಲುವೆಯ ನೀರು ಹರಿಯಿತು, ಅದರ ಮೇಲೆ ಬೆರಳುಗಳು ಆಡಿದವು. ಚನ್ನುವಿಗೆ ಇನ್ನೊಂದು ಸಲ ಕುಣಿಯುವ ಆಸೆ. ಅಷ್ಟರಲ್ಲಿ ಸೊಸೆಯ ಜೊತೆ ಬಂದು ಬಾಗಿಲ ಬಳಿ ಕೂತಿದ್ದ ಮೇಡಂ ಅವರ ಅತ್ತೆ ಕಸ್ತೂರೆಮ್ಮ ಚೀರಿದರು: "ಅಯ್ಯ ಶಿವನ! ನನ್ನ ಸೊಸಿ ಕೈ ಯಾರ ಕಡದ್ರೋ!"

ಪರದೆಯಲ್ಲಿ ನೋಡಿದರೆ, ಅಂಗೈಗಳೆರಡೂ ಗಾಳಿಯಲ್ಲಿ ತಮ್ಮಷ್ಟಕ್ಕೆ ತಾವೇ ಆಡುತ್ತಿವೆ. ಮಣಿಕಟ್ಟಿನಿಂದ ಮೇಲೆ ಅರ್ಧ ತೋಳೇ ಇಲ್ಲ! ತೋಳಿರಬೇಕಾದ ಜಾಗದಲ್ಲಿ ಕಾಲುವೆ ನೀರು ಹರಿಯುತ್ತಿದೆ. ಬಸುರಿ ಮೇಡಂಗೆ ಏಳನೆಯ ತಿಂಗಳ ಕುಬಸ, ಅಂದರೆ ಸೀಮಂತ, ಮೊನ್ನೆಯಷ್ಟೇ ಮುಗಿದು, ಎರಡೂ ಕೈತುಂಬ ಹಸಿರು ಬಳೆ ಏರಿದ್ದವು. ಹಿಂದಿನ ಬಟ್ಟೆ ಕಾಣಬಾರದೆಂದು, ಹಸಿರು ಕಂಡಲ್ಲೆಲ್ಲ ಕೆಳಗಿನ ಪದರ ತೋರಿಸು ಎಂದು ಚನ್ನು ಚಿಪ್ಪಿಗೆ ಹೇಳಿಟ್ಟಿದ್ದ. ಬಟ್ಟೆ ಯಾವುದು, ಬಳೆ ಯಾವುದು, ಪಾಪ ಅದಕ್ಕೇನು ಗೊತ್ತು? ಗೊತ್ತಿರಬೇಕಾದದ್ದು ಚನ್ನುವಿಗೆ. ಹಸಿರು ಬಳೆ ತೊಟ್ಟ ಕೈಯಿಂದಲೇ ಉಂಡು ಬೆಳೆದವನಿಗೆ ಅಷ್ಟೂ ಹೊಳೆಯಬಾರದೇ!

ಮೇಜಿನ ಮೇಲಿನ ಫೋನಿನಲ್ಲಿ ಆ ಎರಡೂ ಊರಿನ ತರಗತಿಗಳು ಕಾಣುತ್ತಿದ್ದವು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಹುಡುಗ್ರು ಸೈತ ನಗಾಕತ್ತಾವ. ಮರ್ಯಾದಿ ಹೋತು," ಎಂದರು ಅಮರಗುಂಡಪ್ಪ. "ಅಮ್ಮಾರ, ಒಂದೈದ ನಿಮಿಷ ಬಳಿ ತಗಸ್ರಿ."

"ಹಡಿಯಾತನಕ ತಗಿಯಂಗಿಲ್ರಿ! ಬೇಕಂದ್ರ ನಿಮ್ಮ ಡಬ್ಬಿ ಬುದ್ಧಿ ಬದಲ್ ಮಾಡ್ಕೋರಿ," ಎಂದರು ಕಸ್ತೂರೆಮ್ಮ.

"ಮಾಡ್ತೀನಿ ಅಮ್ಮಾ, ಒಂದ ಸಾಲಿನ ಕೆಲಸ," ಎಂದ ಚನ್ನು ಬೆವರು ಒರೆಸಿಕೊಳ್ಳುತ್ತ. "ಬಟ್ಟಿನೂ ಬದಲ್ ಮಾಡೂಣು. ಹಸರ ಬ್ಯಾಡ, ಕೆಂಪಂದು ಕಟ್ಟಲೇನು?"

"ಹಣಿಮ್ಯಾಗಿನ ಕುಂಕುಮ ಅಳಸ್ತಿಯೇನಲೇ?"

"ಹಳದಿ?"

"ಗಲ್ಲದ ಅರಿಷಿಣ?"

"ಕರೇದು?"

"ಕೊಳ್ಳಾಗಿನ ಕರಿಮಣಿಗೇ ಬಂದೇನು ಈಗ!"

"ಸಾಕ್ ಬಿಡಪಾ, ಬಂದ್ ಮಾಡು," ಎನ್ನುತ್ತ ಅಮರಗುಂಡಪ್ಪ ತಾವೇ ಸ್ವಿಚ್ಚಿನ ಕಡೆ ಕೈ ಚಾಚಿದರು.

ಈ ಗದ್ದಲದ ಒಂದಕ್ಷರವೂ ಕೇಳಿಸದೆ, ಎದುರಿನ ಪರದೆಯಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತ ಪಾಠ ಮಾಡುತ್ತಿದ್ದ ಮೇಡಂಗೆ ಆ ಕೈ ಮಾತ್ರ ಕಂಡಿತು. ಅವರು ಸರಸರ ಬಂದು ಸ್ವಿಚ್ಚಿಗೆ ಅಡ್ಡ ನಿಂತರು. ಬೇಡ, ಬೇಡ ಎಂದು ಕೈಯಾಡಿಸಿ, ಸೀಮೆಸುಣ್ಣ ಎತ್ತಿಕೊಂಡು ಕಪ್ಪುಹಲಗೆಯ ಮೇಲೆ ಬರೆದರು: "ಅವರು ನನ್ನ ತೋಳು ನೋಡಿ ನಗುತ್ತಿಲ್ಲ. ನಾನು ಹೇಳಿದ್ದಕ್ಕೆ ನಗುತ್ತಿದ್ದಾರೆ."

ಏನು ಹೇಳಿದಿರಿ ಎಂದು ಚನ್ನು ಸನ್ನೆ ಮಾಡಿದ.

"ಕಾಲುವೆಯ ಕೊನೆಯ ಹೊಲಕ್ಕೆ ಬಾರದ ನೀರು ನನ್ನ ತೋಳಿಗೆ ಬಂತು ಎಂದೆ."

ಕಾಲುವೆಯ ಕೊನೆಗೇ ಹನ್ನೆರಡು ಎಕರೆ ಇಟ್ಟುಕೊಂಡಿದ್ದ ಅಮರಗುಂಡಪ್ಪನವರಿಗೆ ನಗು ತಡೆಯಲಾಗಲಿಲ್ಲ. ಚನ್ನು ಖುಷಿಯಿಂದ ಕೀಲಿಮಣೆಯತ್ತ ಓಡಿದ. ಬಣ್ಣ ಸರಿಮಾಡಿಬಿಡುವ ಆತುರ ಅವನಿಗೆ. ಮೇಡಂ ಅವನ ಭುಜ ತಟ್ಟಿ ನಿಲ್ಲಿಸಿ, ಫೋನಿನಲ್ಲಿ ಇನ್ನೂ ನಗುತ್ತಿದ್ದ ಮಕ್ಕಳನ್ನು ತೋರಿಸಿದರು. ಆಮೇಲೆ ಹಲಗೆಯ ಮೇಲೆ ಇನ್ನೊಂದು ಸಾಲು ಬರೆದರು: "ಎರಡು ವರ್ಷದಿಂದ ಪಾಠ ಹೇಗೋ ಮುಟ್ಟುತ್ತಿತ್ತು. ಹಾಸ್ಯ ಮುಟ್ಟಿದ್ದು ಇವತ್ತೇ ಮೊದಲು."