ಕೌದಿಗೆ ಒಂದು ತೇಪೆ

ಓಡುವಾಗ ಸಾಧು, ನಿಂತರೆ ದೂರ್ವಾಸ. ಅಂಥ ಕಾರು ಅದು. ಉಸಗಾಂವದ ಕೆಂಪು ಧೂಳಿನ ರಸ್ತೆಯಲ್ಲಿ ಓಡುವಷ್ಟು ಹೊತ್ತು ಶಾಖದ ಮೀಟರಿನ ಮುಳ್ಳು ಮೇಲೇರುವುದಿಲ್ಲ; ಸಾಹೇಬರಿಗಾಗಿ ಫ್ಯಾಕ್ಟರಿ ಗೇಟಿನಲ್ಲಿ ಎಂಜಿನ್ ಚಾಲೂ ಇಟ್ಟು ಕಾದರೆ ಸಾಕು, ಬಾನೆಟ್ಟಿನಿಂದ ಹಬೆ. ತಿಂಗಳಿಂದ ಇದೇ ಗೋಳು. ಸಾಹೇಬರು ಗದರಿದ ಮೇಲೆ ಡ್ರೈವರ್ ಮುತ್ತು ಅದನ್ನು ಅಣ್ಣ ಅಮೀನಪ್ಪನ ಗ್ಯಾರೇಜಿಗೆ ತಂದು ನಿಲ್ಲಿಸಿದ್ದ. ಗ್ಯಾರೇಜು ಅಂದರೆ ಮನೆ ಮುಂದಿನ ತಗಡಿನ ಚಪ್ಪರ. ಯಾರದೋ ಮಾತು ಕೇಳಿ ಆಗಲೇ ಎಂಜಿನ್ ತಣಿಸುವ ಕೂಲಂಟ್ ನೀರು ಬದಲಿಸಿದ್ದೇನೆ ಎಂದು ಮುತ್ತು ಹೇಳಿದಾಗ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆಯಾ ಎಂದು ಅಮೀನಪ್ಪ ನಕ್ಕ.

ಆ ಓಣಿಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು. ಹೋದ ತಿಂಗಳು ಪಕ್ಕದ ಮನೆಯ ರೂಪಲಪ್ಪ ಕಟ್ಟಡವೊಂದರ ಕಾವಲು ಮುಗಿಸಿ, ಚಳಿಗೆ ಕೌದಿ ಹೊದ್ದು ನಸುಕಿನಲ್ಲಿ ಬರುತ್ತಿದ್ದಾಗ ಯಾವುದೋ ಗಾಡಿ ಬಡಿದು ಹೋಗಿತ್ತು. ಬೆಳಕು ಹರಿಯುವವರೆಗೆ ಗಟಾರದ ಪಕ್ಕ ಜೀವ ಹಿಡಿದುಕೊಂಡು ಬಿದ್ದಿದ್ದ. ಆಗಲೇ ತಂದಿದ್ದರೆ ಉಳಿಯುತ್ತಿದ್ದ ಎಂದ ಡಾಕ್ಟರ ಮಾತನ್ನು ಅವನ ಹೆಂಡತಿ ಯಲ್ಲವ್ವ ಇವತ್ತಿಗೂ ನುಂಗಲಾರಳು, ಉಗುಳಲಾರಳು. ಗಾಡಿ ಮಾತ್ರ ಸಿಕ್ಕಿಲ್ಲ.

ಈಗ ಅವಳು ಅಮೀನಪ್ಪನ ಕಟ್ಟೆಯ ಮೇಲೆ ಅದೇ ಕೌದಿ ಹಾಸಿಕೊಂಡು ಕೂತಿದ್ದಳು. ಸುಟ್ಟುಬಿಡು ಎಂದವರ ಮಾತು ಕೇಳದೆ ಒಗೆದು ಇಟ್ಟುಕೊಂಡಿದ್ದಳು. ಅದರಲ್ಲೊಂದು ಅಂಗೈಯಗಲದ ತೂತು. ತೇಪೆ ಹಾಕಲು ಎದುರಿಗೆ ಅಮೀನಪ್ಪನ ಹೆಂಡತಿ ಚಂದವ್ವ ಸೂಜಿಗೆ ದಾರ ಪೋಣಿಸುತ್ತಿದ್ದಳು. ಓಣಿಯ ಮನೆಮನೆಯಿಂದ ಹಳೇ ಬಟ್ಟೆ ಕೇಳಿ ತಂದು ಆ ಕೌದಿ ಹೊಲಿದವಳು ಅವಳೇ. ಹರಿದದ್ದು ಅವಳು ತನ್ನ ಗಂಡ ಅಮೀನಪ್ಪನ ಖಾಕಿ ಅಂಗಿಯ ತುಂಡು ಕೂಡಿಸಿದ್ದ ಜಾಗ. ಅಂಥದೇ ಇನ್ನೊಂದು ಅಂಗಿ ಕೊಡಿರೆಂದು ಬೆಳಗಿನಿಂದ ಅವನ ಬೆನ್ನು ಹತ್ತಿದ್ದಳು.

ಅಮೀನಪ್ಪ ಎಂಜಿನ್ ಚಾಲೂ ಮಾಡಿಸಿ ಕಿವಿಗೊಟ್ಟ. ಕೂಲಂಟ್ ನೀರು ತುಂಬಿತ್ತು, ಎಂಜಿನ್ ಸುತ್ತ ಹರಿಯುತ್ತಲೂ ಇತ್ತು. ಏಸಿ ಹಾಕಿದೊಡನೆ ತಿರುಗಬೇಕಾದ ರೇಡಿಯೇಟರಿನ ಫ್ಯಾನು ಮಾತ್ರ ಮಿಸುಕಲಿಲ್ಲ. ಓಡುವಾಗ ಎದುರುಗಾಳಿ ತಣಿಸುತ್ತದೆ, ನಿಂತಾಗ ಆ ಕೆಲಸ ಫ್ಯಾನಿನದು. ರೋಗ ಸಿಕ್ಕಿತು ಎಂದುಕೊಂಡು ಎಂಜಿನ್ ಆರಿಸಿ, ಟಾರ್ಚ್ ಹಿಡಿದು ಗಾಡಿಯ ಕೆಳಗೆ ತೂರಿದ. ಅಡಿಯ ಪ್ಲಾಸ್ಟಿಕ್ ಮುಚ್ಚಳ ಒಡೆದುಹೋಗಿತ್ತು. ಏನಾಯಿತೆಂದು ಕೇಳಿದರೆ, ದನ ಅಡ್ಡ ಬಂದಿತ್ತು ಎಂದು ಮುತ್ತು ಹೇಳಿದ. ಫ್ಯಾನಿನ ನಡುವಿಗೆ ಸುತ್ತಿ ಬಿಗಿದಿದ್ದ ಚಿಂದಿಯನ್ನು ಅಮೀನಪ್ಪ ಇಕ್ಕಳದಿಂದ ಎಳೆದ. ಖಾಕಿ ಬಟ್ಟೆ. ಅಂಚಿನಲ್ಲಿ ಚಂದವ್ವನ ಒತ್ತೊತ್ತು ಹೊಲಿಗೆ. ನಡುವೆ, ಹಿಂದೊಮ್ಮೆ ತಾನೇ ಬ್ಯಾಟರಿ ಆಸಿಡ್ ಚೆಲ್ಲಿಕೊಂಡು ಸುಟ್ಟ ಕಲೆ. ಅದನ್ನು ಮುಷ್ಟಿಯಲ್ಲಿ ಮಡಚಿಕೊಂಡ. ರೂಪಲಪ್ಪನ ಹೆಣಕ್ಕೆ ಎಲ್ಲರಿಗಿಂತ ಮೊದಲು ಹೆಗಲು ಕೊಟ್ಟವನು ಈ ಮುತ್ತುವೇ.

"ಇದ ದನಾ ಏನಲೇ?" ಹೊರಬಂದು, ಬಾನೆಟ್ಟಿನ ಮರೆಯಲ್ಲಿ ಚಿಂದಿ ತೋರಿಸಿ ಮೆಲ್ಲಗೆ ಕೇಳಿದ.

ಮುತ್ತು ಅಣ್ಣನ ಕಾಲ ಬಳಿ ಕೂತ. "ನಿಲ್ಲಸಿದ್ದೆ ಅಣ್ಣಾ. ಇಳದು ಹತ್ರ ಹೋದೆ. ಅಂವಾ ನನ್ನ ಹೆಸರ ಹಿಡದು ಕರದಾ. ಅದಕ್ಕ ಓಡಿದೆ." ಮನೆಯಲ್ಲಿ ಹೆಂಡತಿ ತುಂಬಿದ ಬಸುರಿ, ತಾನು ಜೈಲು ಸೇರಿದರೆ ಅವಳಿಗೆ ಯಾರು ಗತಿ ಎಂದು ಅಳುತ್ತ, ಅಣ್ಣನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡ. "ಯಾರ ಮುಂದೂ ಬಾಯಿ ಬಿಡೂದಿಲ್ಲಂತ ಆಣಿ ಮಾಡು."

ಅಪ್ಪ ಸತ್ತ ಮೇಲೆ ಎಣ್ಣೆ ಹಚ್ಚಿ ಬಾಚಿ ಬೆಳೆಸಿದ ತಲೆ ಅದು. ಅಮೀನಪ್ಪನಿಗೆ ಕೈ ಹಿಂದೆಗೆಯಲಾಗಲಿಲ್ಲ. ಬಾಯಿ ಬಿಡುವುದಿಲ್ಲ ಎಂದ. ಚಿಂದಿಯನ್ನು ಅಂಗಿಯ ಜೇಬಿಗೆ ತುರುಕಿ, ಸುಟ್ಟಿದ್ದ ಫ್ಯೂಸ್ ಬದಲಿಸಿದ. ಫ್ಯಾನು ಗಿರ್ರನೆ ತಿರುಗಿತು. ಕಾರು ನಿಂತಲ್ಲೇ ತಣ್ಣಗೆ ಗುನುಗತೊಡಗಿತು. ಯಲ್ಲವ್ವ ಕಟ್ಟೆಯಿಂದ ತಲೆಯೆತ್ತಿ, ಕಂಡ ಕಂಡ ಡ್ರೈವರುಗಳನ್ನೆಲ್ಲ ಕೇಳುವಂತೆ ಮುತ್ತುವನ್ನೂ ಕೇಳಿದಳು: "ಆ ಗಾಡಿ ಎಲ್ಲ್ಯಾರ ಕಂಡತೇನೋ ಯಪ್ಪಾ?" ಇಲ್ಲ ಯಕ್ಕಾ ಎಂದು ಮುತ್ತು ಗಾಜು ಒರೆಸತೊಡಗಿದ.

ಅಮೀನಪ್ಪ ಕಟ್ಟೆಯ ಮುಂದೆ ಬಂದು ನಿಂತು, ತೊಟ್ಟಿದ್ದ ಖಾಕಿ ಅಂಗಿಯ ಗುಂಡಿ ಬಿಚ್ಚತೊಡಗಿದ. ಮೈಮೇಲಿನದು ಯಾಕೆ, ಇನ್ನೂ ಗಟ್ಟಿಯಿದೆಯಲ್ಲ ಎಂದು ಚಂದವ್ವ ತಡೆಯಹೋದಳು. ಅವನು ಅವಳತ್ತ ನೋಡದೆ ಅಂಗಿಯನ್ನು ಯಲ್ಲವ್ವನ ಉಡಿಯಲ್ಲಿಟ್ಟ.

"ಕತ್ತರಿ ಹಚ್ಚೂ ಮೊದಲ ಜೇಬ ನೋಡವಾ" ಎಂದ.