ಗುರುಬಸವ್ವನ ಎಡಗೈ

ಕೆಮ್ಮು ಒತ್ತರಿಸಿ ಬಂದು ಮುತ್ತವ್ವ ಕೈ ತೆಗೆದುಬಿಟ್ಟಳು. ದಿನವೂ ಪೂಜೆಯ ಹೊತ್ತಿಗೆ ಅತ್ತೆ ಗುರುಬಸವ್ವನ ಎಡಗೈಯನ್ನು ಕೆಳಗಿನಿಂದ ಆನಿಸಿ ಹಿಡಿಯುವವಳು ಅವಳೇ. ಅಂಗೈ ಮೇಲಿದ್ದ ಇಷ್ಟಲಿಂಗ ನೆಲಕ್ಕೆ ಬೀಳಬೇಕಿತ್ತು, ಬೀಳಲಿಲ್ಲ. ಲಕ್ವಾ ಹೊಡೆದ ಆ ಕೈಯ ಬೆರಳುಗಳು ಮೆಲ್ಲಗೆ ಮಡಚಿಕೊಂಡು ಲಿಂಗವನ್ನು ಹಿಡಿದವು.

ಎದುರಿಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದ ಹಿರಿಮಗ, ಡಾಕ್ಟರ್ ಶಿದ್ರಾಮಪ್ಪನ ಕೈ ಹಣೆಯ ಮೇಲೆಯೇ ನಿಂತಿತು. ಸಂಸ್ಥಾನದ ರಾಜರ ಖರ್ಚಿನಲ್ಲಿ ಓದಿ, ಮೆದುಳು ಕೈಕಾಲನ್ನು ಹೇಗೆ ಆಡಿಸುತ್ತದೆ ಎಂದು ಹುಡುಕುತ್ತ ಮುಂಬಯಿಯ ಪ್ರಯೋಗಾಲಯದಲ್ಲಿ ತಲೆ ನರೆಯಿಸಿಕೊಂಡವನು ಅವನು. ಒಂದು ಕೈ ಸೋತ ಮಂಗಗಳ ಒಳ್ಳೆಯ ಕೈಯನ್ನು ಬಟ್ಟೆಯಿಂದ ಕಟ್ಟಿಹಾಕುತ್ತಿದ್ದ. ಹಸಿದಾಗ ಅವು ಸೋತ ಕೈಯನ್ನೇ ಶೇಂಗಾದತ್ತ ಚಾಚುತ್ತಿದ್ದವು. ಚಾಚಿ ಚಾಚಿ ಆ ಕೈ ತಿರುಗಿ ಕಲಿಯುತ್ತಿತ್ತು. ವಿಲಾಯತಿಗೆ ಹೋಗಿ ಪಂಡಿತರ ಮುಂದೆ ಅದನ್ನೆಲ್ಲ ಓದಿ ಬಂದಿದ್ದ. ತನ್ನೂರು ರಬಕವಿಗೆ ಬಂದು ತಾಯಿಯ ಕೈ ಮುಟ್ಟಿ ನೋಡಲು ಪುರುಸೊತ್ತಾಗಿರಲಿಲ್ಲ. ಲಕ್ವಾ ಹೊಡೆದ ಹೊಸತರಲ್ಲಿ ಒಮ್ಮೆ ಬಂದು, ಏನೋ ಹೇಳಿ, ಸಂಜೆಯ ಗಾಡಿ ಹಿಡಿದವನು ಮತ್ತೆ ಬಂದದ್ದು ಈಗಲೇ.

“ಯವ್ವಾ, ಈ ಕೈ ಯಾವಾಗಿಂದ ಹಿಂಗ ಆಡಾಕತ್ತೇತಿ?”

ಗುರುಬಸವ್ವ ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಅವಸರದಿಂದ ಲಿಂಗವನ್ನು ಬಲಗೈಯಿಂದ ತೆಗೆದು ಕರಡಿಗೆಯಲ್ಲಿಟ್ಟಳು.

“ಮೊದಲಿಂದನೂ ಆಗಾಗ ತಾನ ಏಳತಿತ್ತಪಾ. ಕೈಗೆ ತ್ರಾಸ ಕೊಡಬ್ಯಾಡ, ಸುಮ್ಮ ಇಟಗೋ ಅಂತ ನೀನ ಹೇಳಿ ಹೋಗಿದ್ಯಲ್ಲ?” ಎನ್ನುತ್ತ, ಮತ್ತೆ ಅಲುಗತೊಡಗಿದ್ದ ಎಡಗೈಯನ್ನು ಬಲಗೈಯಿಂದ ತೊಡೆಗೆ ಒತ್ತಿ ಹಿಡಿದಳು. “ಎದ್ದಾಗೆಲ್ಲ ಹಿಂಗ ಹಿಡಕೊಂಡ ಕುಂತೇನಿ.”