ಜೋಡಿ ನಕ್ಷತ್ರದ ಧೂಳು

“ಅಪ್ಪ ಈಗ ಯಾರ ಗುರುತೂ ಹಿಡಿಯಲ್ಲ, ಚಿಕ್ಕಪ್ಪ. ಬೇಜಾರು ಮಾಡ್ಕೋಬೇಡಿ,” ಎಂದು ಸುಹೈರ್ ಬಾಗಿಲಲ್ಲೇ ಹೇಳಿದಳು. ಕೈರೋ ಪಕ್ಕದ ಹೆಲ್ವಾನಿನ ಆ ಹಳೆಯ ಕಟ್ಟಡದ ಮೆಟ್ಟಿಲು ಹತ್ತಿ ಬಂದಿದ್ದ ಪ್ರೊಫೆಸರ್ ವಹ್ಬಿ ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದರು. ಹಿಂದೆ ಅವರ ಶಿಷ್ಯೆ ರಾವಿಯಾ, ಕೈಯಲ್ಲಿ ಬಸ್ಬೂಸಾ ಸಿಹಿಯ ಡಬ್ಬಿ.

“ನನ್ನನ್ನ ಹಿಡೀತಾನೆ ಬಿಡಮ್ಮ. ನನ್ನ ಮೇಲಿನ ಸಿಟ್ಟು ಅಷ್ಟು ಸುಲಭಕ್ಕೆ ಮರೆಯೋವಂಥದ್ದಲ್ಲ,” ಎಂದರು ವಹ್ಬಿ.

ಅವರೂ ಸುಹೈರಳ ತಂದೆ ರುಶ್ದಿಯೂ ಹರೆಯದಲ್ಲಿ ಮರುಭೂಮಿಯ ವೀಕ್ಷಣಾಲಯದಲ್ಲಿ ಒಟ್ಟಿಗೆ ದುಡಿದವರು. ಇಬ್ಬರೂ ಬೆನ್ನು ಹತ್ತಿದ್ದು ಒಂದೇ ಜೋಡಿ ನಕ್ಷತ್ರವನ್ನು. ಹೆಚ್ಚುಕಮ್ಮಿ ಒಂದಕ್ಕೊಂದು ತಾಗಿಕೊಂಡೇ ಸುತ್ತುವ ಆ ಎರಡರಲ್ಲಿ ಒಂದು, ವಯಸ್ಸಾಗಿ ಉಬ್ಬಿ, ತನ್ನ ಅನಿಲವನ್ನು ಇನ್ನೊಂದರ ಕಡೆಗೆ ಸುರಿಯುತ್ತಿತ್ತು. ಸುರಿದದ್ದೆಲ್ಲ ಜೊತೆಯ ನಕ್ಷತ್ರಕ್ಕೇ ಸೇರುತ್ತದೆ, ಚೂರೂ ಹೊರಗೆ ಚೆಲ್ಲುವುದಿಲ್ಲ ಎಂದು ವಹ್ಬಿ ಲೆಕ್ಕ ಕಟ್ಟಿದ್ದರು. ಬಹುಪಾಲು ಹೊರಗೆ ಚೆಲ್ಲಿ, ತಣ್ಣಗಾಗಿ, ಧೂಳಾಗಿ ಎರಡನ್ನೂ ಸುತ್ತುವರಿದಿದೆ ಎಂಬುದು ರುಶ್ದಿಯವರ ವಾದ. ಕೈರೋದ ತುಂಬಿದ ಸಭೆಯೊಂದರಲ್ಲಿ ವಹ್ಬಿ ಎದ್ದು ನಿಂತು, “ಧೂಳಿರೋದು ನಕ್ಷತ್ರದ ಸುತ್ತ ಅಲ್ಲ, ರುಶ್ದಿಯ ಕನ್ನಡಕದ ಮೇಲೆ,” ಎಂದುಬಿಟ್ಟರು. ಸಭೆ ಗೊಳ್ಳೆಂದು ನಕ್ಕಿತು. ಅಂದು ವೇದಿಕೆ ಇಳಿದ ರುಶ್ದಿ ಮತ್ತೆ ಆ ನಕ್ಷತ್ರದ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ವಹ್ಬಿಯ ಜೊತೆ ಮಾತೂ ಆಡಲಿಲ್ಲ. ತಮ್ಮ ಹೆಂಡತಿ ತೀರಿಕೊಂಡಾಗ ಸಂತಾಪಕ್ಕೆ ಬಂದ ಹಳೆಯ ಗೆಳೆಯನ ಕೈಯನ್ನು ಒಮ್ಮೆ ಹಿಡಿದು ಬಿಟ್ಟಿದ್ದರು, ಅಷ್ಟೇ.

ಈಗ ರಾವಿಯಾ ಆ ಧೂಳನ್ನು ಕಂಡುಹಿಡಿದಿದ್ದಳು. ಅವಳ ಅಳತೆಗಳನ್ನು ವಹ್ಬಿ ಮತ್ತೆ ಮತ್ತೆ ತಿರುವಿಹಾಕಿದರು, ತಪ್ಪು ಸಿಗಲಿಲ್ಲ. ಲೇಖನ ಪ್ರಕಟಣೆಗೆ ಹೋಗುವ ಮೊದಲು ರುಶ್ದಿಗೆ ಹೇಳಿಯೇ ತೀರಬೇಕೆಂದು ಹೊರಟು ಬಂದಿದ್ದರು.

ಕಿಟಕಿಯ ಬಳಿ ಕೂತಿದ್ದ ರುಶ್ದಿ ಬಂದವರನ್ನು ಕಂಡು ಎದ್ದರು. ಕ್ಷೌರ ಮಾಡಿದ ನುಣುಪು ಮುಖ, ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ. “ಬನ್ನಿ, ಬನ್ನಿ. ನೀವು ಬಂದಿದ್ದಕ್ಕೆ ಮನೆ ಬೆಳಗಿತು. ಕೂತ್ಕೊಳ್ಳಿ.”

“ನನಗೆ ‘ನೀವು’ ಅಂತೀಯಲ್ಲೋ. ನಾನು ಕಣೋ, ವಹ್ಬಿ.”

ಅತಿಥಿಯ ತಮಾಷೆಗೆ ನಗುವವರಂತೆ ರುಶ್ದಿ ನಕ್ಕರು. “ವಹ್ಬಿ ನಿಮಗೂ ಪರಿಚಯಾನಾ? ಅವನು ವೀಕ್ಷಣಾಲಯದಲ್ಲಿದಾನೆ. ಗುರುವಾರ ಬರ್ತಾನೆ.”

ವಹ್ಬಿ ಕುರ್ಚಿಗೆ ಕುಸಿದರು. ಏನು ಮಾಡಬೇಕೆಂದು ತೋಚದೆ ರಾವಿಯಾ ತಾನು ತಂದ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ನಕ್ಷತ್ರದ ಹೆಸರು ಹೇಳಿದಳು. ರುಶ್ದಿ ಬಾಗಿದರು. ಅವರ ಬೆರಳು ಗೆರೆಯ ಗುಂಟ ನಿಧಾನವಾಗಿ ಸಾಗಿತು.

“ಸುತ್ತೋ ಅವಧಿ ಏನಾಗ್ತಿದೆ? ಕಮ್ಮಿ ಆಗ್ತಿದೆಯಾ?”

“ಆಗ್ತಿದೆ, ಮೇಷ್ಟ್ರೇ. ಹೊರಗೆ ಹೋಗೋ ಅನಿಲ ತಿರುಗೋ ಬಲಾನೂ ಹೊತ್ಕೊಂಡು ಹೋಗ್ತಿದೆ.”

“ಹೋಗಲೇಬೇಕಲ್ಲ. ಅದಕ್ಕೇ ಎರಡೂ ಇನ್ನಷ್ಟು ಹತ್ತಿರ ಬರ್ತಿವೆ. ಧೂಳು ಸಿಕ್ತಾ?”

“ಸಿಕ್ತು. ನೀವು ಹೇಳಿದ್ದ ಕಡೆಯೇ.”

ಚಹಾದ ತಟ್ಟೆ ಹಿಡಿದು ಬಂದ ಸುಹೈರ್ ಬಾಗಿಲಲ್ಲೇ ನಿಂತುಬಿಟ್ಟಳು. ಅಪ್ಪನ ಬಾಯಲ್ಲಿ ಒಂದಕ್ಕೊಂದು ಹೊಂದುವ ಮಾತು ಕೇಳಿ ತಿಂಗಳುಗಳೇ ಆಗಿದ್ದವು.

ವಹ್ಬಿ ಮುಂದಕ್ಕೆ ಬಗ್ಗಿ ಗೆಳೆಯನ ಕೈ ಹಿಡಿದರು. “ನೀನಂದಿದ್ದೇ ಸರಿ, ರುಶ್ದಿ. ನನ್ನದೇ ತಪ್ಪು. ಅವತ್ತು ಹಾಗೆ ಅನ್ನಬಾರದಿತ್ತು. ಕ್ಷಮಿಸಿಬಿಡು.”

ರುಶ್ದಿಯವರ ಮುಖ ಗಲಿಬಿಲಿಗೊಂಡಿತು. “ನೀವ್ಯಾಕೆ ಕ್ಷಮೆ ಕೇಳ್ತೀರಿ? ಈಗಷ್ಟೇ ಮನೆಗೆ ಬಂದಿದೀರಿ.” ಮೆಲ್ಲಗೆ ಕೈ ಬಿಡಿಸಿಕೊಂಡು ರಾವಿಯಾಳ ಕಡೆ ತಿರುಗಿ ದನಿ ತಗ್ಗಿಸಿದರು. “ಇದೆಲ್ಲ ವಹ್ಬಿಗೆ ಗೊತ್ತಾ, ಮಗಳೇ?”

ರಾವಿಯಾ ತನ್ನ ಗುರುವಿನ ಕಡೆ ನೋಡಿದಳು. ವಹ್ಬಿ ಇಲ್ಲವೆಂಬಂತೆ ತಲೆಯಾಡಿಸಿದರು.

“ಇನ್ನೂ ಇಲ್ಲ, ಮೇಷ್ಟ್ರೇ.”

“ಹಾಗಾದ್ರೆ ಈಗಲೇ ಅಚ್ಚಿಗೆ ಕೊಡಬೇಡ. ಪಾಪ, ಆ ಲೆಕ್ಕಕ್ಕೆ ಅವನು ಹಗಲು ರಾತ್ರಿ ಒದ್ದಾಡಿದಾನೆ. ಯಾರಾದ್ರೂ ಒಬ್ಬರೇ ಹೋಗಿ ಮೆಲ್ಲಗೆ ಹೇಳಬೇಕು. ಜನರ ಮುಂದೆ ಬೇಡ. ಮೇಲೆ ಒರಟನ ಥರ ಕಾಣ್ತಾನೆ, ತಡ್ಕೊಳ್ಳೋ ಶಕ್ತಿ ಇಲ್ಲ ಅವನಿಗೆ.”

ವಹ್ಬಿ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ನಾನೇ ಹೇಳ್ತೀನಿ,” ಎಂದರು.